ಎಚ್-ಇಂಡೆಕ್ಸ್ ಯಾಕೆ ಹಾಕಲಿಲ್ಲ?

ಬೇಲೂರಿನ ನಿವೃತ್ತ ಉಪನ್ಯಾಸಕರೊಬ್ಬರು ಕೇಳಿದ್ದಾರೆ: "ನಮ್ಮ ಜಿಲ್ಲೆಯ ಕ್ಯಾನ್ಸರ್ ಸಂಶೋಧಕರ ಬಗ್ಗೆ ಎರಡು ಪುಟ ಬರೆದಿರಿ. ಪ್ರಬಂಧ ಎಷ್ಟು, ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ಒಂದೂ ಇಲ್ಲ. ಅವರು ಎಷ್ಟು ದೊಡ್ಡವರೆಂದು ತಿಳಿಯುವುದು ಹೇಗೆ?"

ಕೇಳಿದ್ದು ನ್ಯಾಯವೇ ಮೇಷ್ಟ್ರೇ. 'ವಿಶ್ವವಿಖ್ಯಾತ' ಎಂದು ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಅಂಕಿ ವಾಸಿ. ನೇಮಕಾತಿ ಸಮಿತಿಯ ಮುಂದೆ ಶಿಫಾರಸು ಪತ್ರಕ್ಕಿಂತಲೂ ಅದೇ ಮೇಲು. ಅಷ್ಟು ಒಪ್ಪಿದೆವು.

ಆದರೆ ಎಚ್-ಇಂಡೆಕ್ಸ್ ಎಂಬ ಆ ಅಂಕಿ ಹುಟ್ಟುವ ಬಗೆ ನೋಡಿ. ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಹೆಸರಿಸಿವೆ ಎಂಬುದೇ ಉಲ್ಲೇಖದ ಎಣಿಕೆ. ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟ ಲೆಕ್ಕ ಇದು. ಪ್ರಬಂಧಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಬೇಕು: 90, 40, 6, 4, 2. ನಾಲ್ಕನೆಯದಕ್ಕೆ ನಾಲ್ಕು ಉಲ್ಲೇಖ ಇದೆ, ಐದನೆಯದಕ್ಕೆ ಐದು ಇಲ್ಲ. ಆದ್ದರಿಂದ ಎಚ್ 4. ಮೊದಲನೆಯದರ 90 ನಾಳೆ 9000 ಆದರೂ ಎಚ್ ನಾಲ್ಕೇ! ಒಂದೇ ದೊಡ್ಡ ಕೆಲಸ ಮಾಡಿದವನಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಉಲ್ಲೇಖ ಹೆಚ್ಚಿದ್ದರೆ ಶೋಧ ದೊಡ್ಡದು ಅಂತಲೂ ಅಲ್ಲ. ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಮೊದಲಿಗೆ ಇರುವುದು ಲೌರಿ ಎಂಬ ಜೀವರಸಾಯನ ವಿಜ್ಞಾನಿ ಸಂಗಡಿಗರೊಂದಿಗೆ 1951ರಲ್ಲಿ ಬರೆದದ್ದು, ಪ್ರೋಟೀನ್ ಅಳೆಯುವ ವಿಧಾನ. ಬೇರೆಯವರ ಕೆಲಸ ಒಟ್ಟುಗೂಡಿಸಿದ ಸಮೀಕ್ಷಾ ಲೇಖನಗಳೂ ಹೀಗೇ ಉಲ್ಲೇಖ ಬಾಚುತ್ತವೆ. ಇನ್ನೊಂದು ಕಡೆ ಪೇಟನ್ ರೌಸ್ ಎಂಬ ಅಮೆರಿಕದ ವಿಜ್ಞಾನಿ. ಕೋಳಿಯ ಗೆಡ್ಡೆ ಅರೆದು, ಜೀವಕೋಶ ದಾಟದಂತೆ ಸೋಸಿ, ಆ ರಸ ಚುಚ್ಚಿದರೆ ಬೇರೆ ಕೋಳಿಗೂ ಗೆಡ್ಡೆ ಬರುತ್ತದೆಂದು 1911ರಲ್ಲಿ ತೋರಿಸಿದರು. ನೊಬೆಲ್ ಬಂದದ್ದು 1966ರಲ್ಲಿ. ನಡುವಿನ ಐದು ದಶಕ ನಿಮ್ಮ ಅಂಕಿ ಅವರ ಬಗ್ಗೆ ಏನು ಹೇಳುತ್ತಿತ್ತು?

ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ 2015ರ ಪ್ರಬಂಧ ಓದಿ. ಆರಂಭದ ಹಂತದ ಬಾಯಿ ಕ್ಯಾನ್ಸರ್, ಕುತ್ತಿಗೆಯಲ್ಲಿ ಗಂಟು ಕಾಣುತ್ತಿಲ್ಲ. ಕುತ್ತಿಗೆಯ ಗ್ರಂಥಿಗಳನ್ನು ಆಗಲೇ ತೆಗೆಯಬೇಕೋ, ಗಂಟು ಬಂದಮೇಲೋ? ಆಗಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಬದುಕುಳಿದವರು ಶೇ. 80, ಕಾದವರಲ್ಲಿ ಶೇ. 67.5. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ನಮ್ಮೂರುಗಳಿಗೆ ಈ ಒಂದು ಉತ್ತರ ಸಾಕು. ಪ್ರಬಂಧಗಳ ಪಟ್ಟಿಯಲ್ಲಿ ಅದು ಬರೀ ಒಂದು ಸಾಲು. ಕಾಫಿ ಮೂಟೆ ಎಣಿಸಿ, ಔಟ್‌ಟರ್ನ್ (ಮೂಟೆಯಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ) ನೋಡದೆ ಬೆಲೆ ಕಟ್ಟುವವರು ಮೂಡಿಗೆರೆಯಲ್ಲಿ ಯಾರಿದ್ದಾರೆ?

ಹೆಸರಿನ ರಗಳೆ ಬೇರೆ. ಗಣಕದ ಕಣ್ಣಿಗೆ 'ಗೌಡ ಕೆ.' ಅಂದರೆ ಎಲ್ಲ ಗೌಡರೂ ಒಬ್ಬರೇ. ಇನಿಷಿಯಲ್ ಹಿಂದೆಮುಂದೆ ಆದರೆ ಒಬ್ಬರೇ ಇಬ್ಬರು. ಇದಕ್ಕೆಂದೇ 2012ರಿಂದ ಓರ್ಕಿಡ್ ಎಂಬ ಹದಿನಾರು ಅಂಕಿಯ ಗುರುತು ಇದೆ. ಅದಿಲ್ಲದ ಪಟ್ಟಿಯನ್ನು ನಂಬಬೇಡಿ.

ನಮಗೆ ನಿಜಕ್ಕೂ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಬೆಂಗಳೂರಿನ ಕಿದ್ವಾಯಿಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ತೆಗೆಸುತ್ತಾರೆ, ಮರಣ ದಾಖಲೆ ತಾಳೆ ನೋಡುತ್ತಾರೆ. ಒಂದು ಕಡೆ ಗೌರಮ್ಮ, ಇನ್ನೊಂದು ಕಡೆ ಗೌರಿ ಎಂದಾದ ಒಬ್ಬಳೇ ರೋಗಿಯನ್ನು ಎರಡು ಸಲ ಎಣಿಸಬಾರದು. ಅರಸೀಕೆರೆಯಿಂದ ಹೋಗಿ ನೆಂಟರ ಮನೆ ವಿಳಾಸ ಕೊಟ್ಟವರನ್ನು ಬೆಂಗಳೂರಿನವರೆಂದು ಬರೆಯಬಾರದು. ಒಂದು ವರ್ಷದ ವಾಸ ಆಗಿರಬೇಕು. ಹೀಗೆ ಹೆಕ್ಕಿದ ಅಂಕಿಗಳ ಮೇಲೆ ದೇಶದ, ಜಗತ್ತಿನ ಅಂದಾಜು ನಿಲ್ಲುತ್ತದೆ. ಆ ಅಂದಾಜಿನ ಪ್ರಬಂಧಕ್ಕೆ ಸಾವಿರಾರು ಉಲ್ಲೇಖ. ಕೇಸ್ ಶೀಟ್ ತೆಗೆದವನ ಎಚ್-ಇಂಡೆಕ್ಸ್? ಸೊನ್ನೆ.

ಇತ್ತ ಬಡ್ತಿಗೆ ಪ್ರಬಂಧ ಬೇಕೆಂದು ನಿಯಮ ಮಾಡಿದೆವು; ದುಡ್ಡು ಕೊಟ್ಟರೆ ಪರಿಶೀಲನೆಯ ಶಾಸ್ತ್ರವೂ ಇಲ್ಲದೆ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಸನ್ಮಾನದ ಫ್ಲೆಕ್ಸ್‌ನಲ್ಲಿ '250 ಪ್ರಬಂಧಗಳ ಸರದಾರ' ಎಂದು ಬರೆಸುವವರೂ ಅದನ್ನೇ ಸಾಕುತ್ತಿದ್ದಾರೆ.

ಆ ಸಂಶೋಧಕರ ಪೂರ್ತಿ ಪಟ್ಟಿ ಈ ವಾರದ ಅಂಚೆಯಲ್ಲಿ ನಿಮಗೆ ಬರುತ್ತದೆ. ಮೊದಲು ಸಮೀಕ್ಷಾ ಲೇಖನಗಳನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಅವರ ಹೆಸರು ಮೊದಲಿಗೋ ಕೊನೆಗೋ ಇರುವುದನ್ನು ಗುರುತು ಮಾಡಿ; ಸಾಮಾನ್ಯವಾಗಿ ಮೊದಲಿನವರು ಮುಖ್ಯ ಕೆಲಸ ಮಾಡಿದವರು, ಕೊನೆಯವರು ತಂಡ ನಡೆಸಿದವರು. ನಡುವೆ ಇಪ್ಪತ್ತು ಹೆಸರಿನ ಸಂದಣಿಯಲ್ಲಿ ಸಿಕ್ಕಿದ್ದು ಸದ್ಯಕ್ಕೆ ಬಿಡಿ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆಯಿರಿ. ಯಾವುದಾದರೂ ತಪ್ಪು ಕಂಡು ಪತ್ರಿಕೆಯಿಂದ ವಾಪಸ್ ಪಡೆದದ್ದೋ ನೋಡಿ, ವಾಪಸ್ ಆದ ಪ್ರಬಂಧಕ್ಕೂ ಉಲ್ಲೇಖ ಬರುತ್ತಲೇ ಇರುತ್ತದೆ. ಕೊನೆಗೆ ಉಳಿದವುಗಳಲ್ಲಿ ಮೂರನ್ನು ಓದಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೂ ಎರಡು ಪುಟ ಇದೆ.