ಆಂಡ್ರೋಮೀಡಾ ಗೆಲಾಕ್ಸಿಯ ತಾರೆಗಳು ಬಿಡಿಬಿಡಿಯಾಗಿ ಕಾಣದಿದ್ದರೂ ಅಲ್ಲಿ ಮೈಕ್ರೋಲೆನ್ಸಿಂಗ್ ಪತ್ತೆಯಾಗುವುದು ಹೇಗೆ?

ತಾರೆಯನ್ನು ಬಿಡಿಯಾಗಿ ಕಾಣುವ ಹಟವನ್ನೇ ಬಿಟ್ಟು, ಹೊಳಪಿನಲ್ಲಾದ ಬದಲಾವಣೆಯನ್ನು ಮಾತ್ರ ಹುಡುಕುತ್ತಾರೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು. ಖಗೋಳ ವಿಜ್ಞಾನದಲ್ಲಿ ನನಗೆ ತುಂಬ ಪ್ರಿಯವಾದ ಉಪಾಯವೂ ಹೌದು.

ನಮಗೂ ದೂರದ ತಾರೆಗೂ ನಡುವೆ ಕಾಣದ ಕಾಯವೊಂದು ಹಾದುಹೋದಾಗ ಅದರ ಗುರುತ್ವ ಬೆಳಕನ್ನು ಬಾಗಿಸುತ್ತದೆ. ಆ ಕಾಯ ಮಸೂರದಂತೆ ವರ್ತಿಸಿ, ತಾರೆ ಕೆಲಕಾಲ ಹೆಚ್ಚು ಹೊಳೆದು ಮತ್ತೆ ಮೊದಲಿನಂತಾಗುತ್ತದೆ. ಇದೇ ಮೈಕ್ರೋಲೆನ್ಸಿಂಗ್. ಇದನ್ನು ನೋಡುವ ಆಸೆಯೇ ಬೇಡ ಎಂದು 1936ರಲ್ಲಿ ಐನ್‌ಸ್ಟೈನ್ ಬರೆದಿದ್ದರು. ಲಕ್ಷಾಂತರ ತಾರೆಗಳನ್ನು ಒಟ್ಟಿಗೆ ಕಾದರೆ ಸಿಕ್ಕೀತು ಎಂದು 1986ರಲ್ಲಿ ಖಗೋಳ ವಿಜ್ಞಾನಿ ಪಚಿನ್‌ಸ್ಕಿ ತೋರಿಸಿದರು. 1993ರಲ್ಲಿ ನಮ್ಮ ಹತ್ತಿರದ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದ ದಿಕ್ಕಿನಲ್ಲಿ ಸಿಕ್ಕಿಯೂ ಬಿಟ್ಟಿತು. ಅಲ್ಲಿನ ತಾರೆಗಳು ಬಿಡಿಯಾಗಿ ಕಾಣುತ್ತವೆ. ಆಂಡ್ರೋಮೀಡಾ ಇರುವುದು ಸುಮಾರು 25 ಲಕ್ಷ ಬೆಳಕಿನ ವರ್ಷ ದೂರದಲ್ಲಿ. ಚಿತ್ರದ ಒಂದೊಂದು ಪಿಕ್ಸೆಲ್‌ನಲ್ಲೂ ಎಷ್ಟೋ ತಾರೆಗಳ ಬೆಳಕು ಬೆರೆತಿರುತ್ತದೆ.

ಆದ್ದರಿಂದ ಇಂದಿನ ಚಿತ್ರದಿಂದ ಹಳೆಯ ಒಳ್ಳೆಯ ಚಿತ್ರವನ್ನು ಕಳೆಯುತ್ತಾರೆ. ಕೇಳಲು ಸುಲಭ, ಮಾಡಲು ಕಷ್ಟ. ನಮ್ಮ ವಾತಾವರಣ ಪ್ರತಿ ರಾತ್ರಿಯೂ ತಾರೆಯ ಬಿಂಬವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕದಡುತ್ತದೆ. ಸ್ಫುಟವಾದ ಚಿತ್ರವನ್ನು ಇನ್ನೊಂದರಷ್ಟೇ ಮಸುಕುಗೊಳಿಸಿದ ಮೇಲೆಯೇ ಕಳೆಯಬೇಕು. ಬದಲಾಗದ್ದೆಲ್ಲ ಅಳಿಸಿಹೋಗಿ ಬದಲಾದದ್ದು ಚುಕ್ಕೆಯಾಗಿ ಉಳಿಯುತ್ತದೆ.

ಉಳಿದ ಚುಕ್ಕೆಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಳಪು ಬದಲಿಸುವ ತಾರೆಗಳು ಅಥವಾ ಇದ್ದಕ್ಕಿದ್ದಂತೆ ಸ್ಫೋಟಿಸಿ ಬೆಳಗುವ ನೋವಾಗಳು. ಮೈಕ್ರೋಲೆನ್ಸಿಂಗ್‌ನಲ್ಲಿ ಹೊಳಪು ಸಾಮಾನ್ಯವಾಗಿ ಏರಿದಂತೆಯೇ ಇಳಿಯುತ್ತದೆ, ಕೆಂಪಿನಲ್ಲೂ ನೀಲಿಯಲ್ಲೂ ಒಂದೇ ರೀತಿ ಕಾಣುತ್ತದೆ, ಮರುಕಳಿಸುವುದಿಲ್ಲ. ಮೀರಾ ಬಗೆಯ ತಾರೆಗಳು ಹತ್ತಿರ ಹತ್ತಿರ ವರ್ಷಕ್ಕೊಮ್ಮೆ ಬೆಳಗುವುದರಿಂದ, ಮರುಕಳಿಸಲಿಲ್ಲ ಎನ್ನಲು ಹಲವು ವರ್ಷ ಕಾಯಲೇಬೇಕು. ಒಂದೇ ಋತುವಿನ ದತ್ತಾಂಶವನ್ನು ನಾನಂತೂ ನಂಬುವುದಿಲ್ಲ.

ಆಂಡ್ರೋಮೀಡಾ ಇನ್ನೊಂದು ಸುಳಿವನ್ನೂ ಕೊಡುತ್ತದೆ. ಅದರ ತಟ್ಟೆ ನಮಗೆ ತುಂಬ ಓರೆಯಾಗಿದೆ. ಅದರ ಸುತ್ತಲ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ಬೆಳಕನ್ನು ಬಾಗಿಸುವ ಇಂಥ ಕಾಯಗಳಿಂದಾಗಿದ್ದರೆ, ದೂರದ ಅಂಚಿನ ತಾರೆಗಳ ಬೆಳಕು ಹೆಚ್ಚು ಕಾಯಗಳ ನಡುವೆ ಹಾದುಬರಬೇಕು. ಘಟನೆಗಳು ಆ ಬದಿಯಲ್ಲೇ ಹೆಚ್ಚಬೇಕು. ಆಕಾಶಗಂಗೆಯ ಒಳಗೇ ಇರುವ ನಮಗೆ ನಮ್ಮ ಗೆಲಾಕ್ಸಿಯ ವಿಷಯದಲ್ಲಿ ಇಂಥ ಹೋಲಿಕೆ ಸಾಧ್ಯವಿಲ್ಲ.

ಇದಕ್ಕೆ ದೈತ್ಯ ದೂರದರ್ಶಕವೇ ಬೇಕೆಂದಿಲ್ಲ. ನೈನಿತಾಲ್‌ನ 104 ಸೆಂ.ಮೀ. ದೂರದರ್ಶಕದಿಂದ 1998ರಿಂದ 2002ರವರೆಗೆ ಆಂಡ್ರೋಮೀಡಾವನ್ನು ಕಾದ ತಂಡಕ್ಕೆ ಮೈಕ್ರೋಲೆನ್ಸಿಂಗ್ ಇರಬಹುದಾದ ಒಂದು ಘಟನೆ ಸಿಕ್ಕಿತು. 2014ರಲ್ಲಿ ಹವಾಯಿಯ 8.2 ಮೀಟರ್ ಸುಬರು ದೂರದರ್ಶಕ ಒಂದೇ ರಾತ್ರಿ ಸುಮಾರು 7 ಗಂಟೆ, ಎರಡೆರಡು ನಿಮಿಷಕ್ಕೊಮ್ಮೆ ಚಿತ್ರ ತೆಗೆಯಿತು. ಡಾರ್ಕ್ ಮ್ಯಾಟರ್ ಪೂರ್ತಿಯಾಗಿ ಚಂದ್ರನಿಗಿಂತ ಹಗುರವಾದ ಆದಿಮ ಕಪ್ಪುಕುಳಿಗಳೇ (ವಿಶ್ವದ ಆರಂಭದಲ್ಲೇ ಹುಟ್ಟಿರಬಹುದಾದವು) ಆಗಿದ್ದರೆ ಸಾವಿರದಷ್ಟು ಘಟನೆಗಳು ಸಿಗಬಹುದಿತ್ತು. ಸಿಕ್ಕಿದ್ದು ಒಂದೇ, ಅದೂ ಖಚಿತವಲ್ಲ.