ಬೇಸ್ ಮಿನುಗುತ್ತದೆ, ರೋವರ್ ಮಾತ್ರ ‘ಸಿಂಗಲ್’ – ಓದುಗರ ಪ್ರಶ್ನೆ, ಪರಿಣತರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಭೂಮಾಪನದ ಜಿಪಿಎಸ್ ರಿಸೀವರ್‌ಗಳ ರೇಡಿಯೊ, ಬ್ಲೂಟೂತ್ ತಕರಾರಿನವು. ‘ಸ್ಯಾಟಲೈಟ್ ಸಿಗುತ್ತಿಲ್ಲ’ ಎಂದು ಶುರುವಾದ ಪತ್ರಗಳನ್ನೂ ಕೊನೆತನಕ ಓದಿದರೆ ಸ್ಯಾಟಲೈಟ್ ಮೂವತ್ತರ ಮೇಲೆ ಸಿಕ್ಕಿವೆ; ಕಡಿದಿರುವುದು ನಡುವಿನ ಕೊಂಡಿ. ಒಂದೇ ಕಡೆ ನಿಂತು ತಿದ್ದುಪಡಿ ಕಳಿಸುವ ರಿಸೀವರ್ ಬೇಸ್, ಅದನ್ನು ಹಿಡಿದು ಪಾಯಿಂಟ್ ಅಳೆಯುತ್ತ ತಿರುಗುವುದು ರೋವರ್. ತಿದ್ದುಪಡಿ ಸಿಗದಿದ್ದರೆ ರೋವರ್ ‘ಸಿಂಗಲ್’ ಎನ್ನುತ್ತದೆ, ಲೆಕ್ಕ ಅರೆಬರೆ ಆದರೆ ‘ಫ್ಲೋಟ್’, ಸೆಂಟಿಮೀಟರ್ ಮಟ್ಟಕ್ಕೆ ಬಂದರೆ ‘ಫಿಕ್ಸ್’. ಬೇಸ್‌ನಿಂದ ರೋವರ್‌ಗೆ ರೇಡಿಯೊ ಒಂದು ಕೊಂಡಿ, ರೋವರ್‌ನಿಂದ ಕೈಯಲ್ಲಿರುವ ಕಂಟ್ರೋಲರ್‌ಗೆ ಬ್ಲೂಟೂತ್ ಇನ್ನೊಂದು. ಯಾವುದು ಕಡಿದಿದೆ ಎಂದು ಗೊತ್ತಾಗುವ ಮೊದಲೇ ರಿಸೀವರನ್ನು ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಹಾಗೆ ಮಾಡಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಪ್ರಶ್ನೆ: ನಮ್ಮದು ಒಂದು ಕಂಪನಿಯ ಬೇಸ್, ಇನ್ನೊಂದು ಕಂಪನಿಯ ರೋವರ್. ಎರಡರಲ್ಲೂ ಚಾನೆಲ್ 3 ಇಟ್ಟಿದ್ದೇವೆ. ಬೇಸ್‌ನ ಟಿಎಕ್ಸ್ (ಕಳಿಸುವ) ದೀಪ ಸೆಕೆಂಡಿಗೊಮ್ಮೆ ಮಿನುಗುತ್ತದೆ, ರೋವರ್‌ನ ಆರ್‌ಎಕ್ಸ್ (ಸ್ವೀಕರಿಸುವ) ದೀಪ ಮಿನುಗುವುದೇ ಇಲ್ಲ. ರೇಡಿಯೊ ಸುಟ್ಟುಹೋಗಿದೆಯೇ? – ಪರವಾನಗಿ ಭೂಮಾಪಕರು, ದಾವಣಗೆರೆ

ಸುಟ್ಟಿರುವ ಸಾಧ್ಯತೆ ಕಡಿಮೆ. ‘ಚಾನೆಲ್ 3’ ಎಂಬುದು ಆಯಾ ಕಂಪನಿ ತನ್ನ ಪಟ್ಟಿಯಲ್ಲಿ ಕೊಟ್ಟುಕೊಂಡ ಕ್ರಮಸಂಖ್ಯೆ, ಅಷ್ಟೇ. ಒಂದರ ಚಾನೆಲ್ 3ಕ್ಕೂ ಇನ್ನೊಂದರ ಚಾನೆಲ್ 3ಕ್ಕೂ ಸಂಬಂಧವಿರಬೇಕೆಂದಿಲ್ಲ. ಎರಡೂ ಕಡೆ ಫ್ರೀಕ್ವೆನ್ಸಿಯನ್ನೇ ತೆರೆದು, ಮೆಗಾಹರ್ಟ್ಸ್‌ನಲ್ಲಿ ನಾಲ್ಕು ದಶಾಂಶದವರೆಗೆ ಹೋಲಿಸಿ. 441.0000 ಮತ್ತು 441.0125 ಕಣ್ಣಿಗೆ ಒಂದೇ ಅನ್ನಿಸುತ್ತವೆ. 12.5 ಕಿಲೊಹರ್ಟ್ಸ್ ಅಂತರದ ವ್ಯವಸ್ಥೆಯಲ್ಲಿ ಅದು ಪೂರಾ ಒಂದು ಚಾನೆಲ್‌ನ ವ್ಯತ್ಯಾಸ.

ಫ್ರೀಕ್ವೆನ್ಸಿ ಸರಿಯಿದ್ದರೆ ಇನ್ನು ನಾಲ್ಕು ಸಂಗತಿ ಹೊಂದಬೇಕು: ಪ್ರೋಟೊಕಾಲ್, ಅಂದರೆ ರೇಡಿಯೊಗಳು ಮಾತಾಡುವ ಕ್ರಮ (ಟ್ರಿಮ್‌ಟಾಕ್, ಸ್ಯಾಟೆಲ್, ಟ್ರಾನ್ಸ್‌ಇಒಟಿ ಇತ್ಯಾದಿ), ಚಾನೆಲ್ ಅಂತರ (12.5 ಅಥವಾ 25 ಕಿಲೊಹರ್ಟ್ಸ್), ಗಾಳಿಯಲ್ಲಿನ ವೇಗ (ಸೆಕೆಂಡಿಗೆ 4800, 9600 ಬಿಟ್ ಹೀಗೆ), ಮತ್ತು ತಪ್ಪು ತಿದ್ದುವ ಎಫ್‌ಇಸಿ ಆನ್ ಇದೆಯೋ ಆಫ್ ಇದೆಯೋ. ಒಂದೇ ಒಂದು ತಪ್ಪಿದರೂ ರೋವರ್‌ಗೆ ಕೇಳಿಸುವುದು ಬರೀ ಗದ್ದಲ. ಬೇರೆ ಬೇರೆ ಕಂಪನಿಯ ಜೋಡಿಗೆ ಟ್ರಿಮ್‌ಟಾಕ್ 450ಎಸ್‌ನಿಂದ ಆರಂಭಿಸುವುದು ಸುಲಭ. ಹೆಚ್ಚಿನ ರಿಸೀವರ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಇನ್ನೊಂದು ಗೊಂದಲವಿದೆ. ಸೆಟ್ಟಿಂಗ್‌ನಲ್ಲಿ ಕಾಣುವ 38400 ಅಥವಾ 115200 ರಿಸೀವರ್‌ಗೂ ರೇಡಿಯೊಗೂ ನಡುವಿನ ಸೀರಿಯಲ್ ಪೋರ್ಟ್‌ನ ವೇಗ. ಅದನ್ನು ಗಾಳಿಯಲ್ಲಿನ ವೇಗವೆಂದು ತಿಳಿದು ಬದಲಿಸಿದರೆ ಸರಿಯಿದ್ದದ್ದೂ ಕೆಡುತ್ತದೆ.

ಇಷ್ಟೂ ಹೊಂದಿದ ಮೇಲೂ ಆರ್‌ಎಕ್ಸ್ ಮಿನುಗದಿದ್ದರೆ ಆಂಟೆನಾ ಬಿಚ್ಚಿ ನೋಡಿ. ಈ ರೇಡಿಯೊದ ಯುಎಚ್‌ಎಫ್ ಆಂಟೆನಾ, ಸಿಮ್‌ನ ಆಂಟೆನಾ ಎರಡೂ ಕಪ್ಪು ರಬ್ಬರ್ ಕಡ್ಡಿಗಳೇ. ಪೆಟ್ಟಿಗೆಗೆ ಇಡುವಾಗ ಅದಲುಬದಲಾಗುವುದು ಮಾಮೂಲು. ಉದ್ದ ನೋಡಿ ನಿರ್ಧರಿಸಬೇಡಿ. 450 ಮೆಗಾಹರ್ಟ್ಸ್‌ಗೆ ಕಾಲು ಅಲೆ ಸುಮಾರು 16.7 ಸೆಂ.ಮೀ. ಆದರೂ ಒಳಗೆ ಸುರುಳಿ ಸುತ್ತಿದ ಕಡ್ಡಿ ಅದಕ್ಕಿಂತ ಗಿಡ್ಡ ಇರುತ್ತದೆ. ಬುಡದಲ್ಲಿ ಬರೆದಿರುವ ಬ್ಯಾಂಡ್ ಓದಿ: 410–430ರ ಆಂಟೆನಾ ಹಾಕಿ 465ರಲ್ಲಿ ಕಳಿಸಿದರೆ ದೀಪವೇನೋ ಮಿನುಗುತ್ತದೆ, ಶಕ್ತಿ ಸರಿಯಾಗಿ ಹೊರಗೆ ಹೋಗುವುದಿಲ್ಲ. ಟಿಎಕ್ಸ್ ದೀಪ ಹೇಳುವುದು ‘ರೇಡಿಯೊಗೆ ಡೇಟಾ ಕೊಟ್ಟೆ’ ಎಂದಷ್ಟೇ.

ಪರೀಕ್ಷೆ ಮಾಡುವಾಗ ಬೇಸ್, ರೋವರ್ ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಡಿ. ಅಷ್ಟು ಹತ್ತಿರದಲ್ಲಿ ಸಿಗ್ನಲ್ ಅತಿಯಾಗಿ ರೋವರ್ ಕಿವುಡಾಗುತ್ತದೆ. ಪವರ್ ಕಡಿಮೆ ಇಟ್ಟು 15–20 ಮೀಟರ್ ದೂರ ನಿಲ್ಲಿ.

ಪ್ರಶ್ನೆ: ಆರ್‌ಎಕ್ಸ್ ಮಿನುಗುತ್ತದೆ, ಆದರೆ ‘ಏಜ್’ (ತಿದ್ದುಪಡಿ ಎಷ್ಟು ಸೆಕೆಂಡು ಹಳೆಯದು ಎಂಬುದು) 3, 5, 8 ಎಂದು ಏರುತ್ತದೆ. ಒಮ್ಮೆ ಫ್ಲೋಟ್, ಒಮ್ಮೆ ಫಿಕ್ಸ್. ನಾಲ್ಕೂ ಉಪಗ್ರಹ ವ್ಯವಸ್ಥೆ ಆನ್ ಮಾಡಿದ ಮೇಲೆ ಹೀಗಾಗಿದೆ. – ಡಿಪ್ಲೊಮಾ ಎಂಜಿನಿಯರ್, ಕೊಪ್ಪಳ

ಕಾರಣವನ್ನು ನೀವೇ ಬರೆದಿದ್ದೀರಿ. ಸಣ್ಣ ಪೈಪಿಗೆ ದೊಡ್ಡ ನೀರು ಬಿಟ್ಟಿದ್ದೀರಿ.

ಲೆಕ್ಕ ಹೀಗೆ. ತಿದ್ದುಪಡಿ ಕಳಿಸುವ ಆರ್‌ಟಿಸಿಎಂ 3 ಮಾದರಿಯ ಎಂಎಸ್‌ಎಂ4 ಸಂದೇಶದಲ್ಲಿ ಒಂದು ವ್ಯವಸ್ಥೆಯ 10 ಉಪಗ್ರಹ, ತಲಾ ಎರಡು ಸಿಗ್ನಲ್ ಎಂದರೆ ಸುಮಾರು 170 ಬೈಟ್. ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈದು ನಾಲ್ಕಕ್ಕೂ ಸೇರಿ ಸೆಕೆಂಡಿಗೆ 690 ಬೈಟ್ ಹತ್ತಿರ, ಅಂದರೆ 5500 ಬಿಟ್. ಅದೇ ಹೆಚ್ಚು ವಿವರ ತುಂಬಿದ ಎಂಎಸ್‌ಎಂ7 ಆದರೆ 8800 ಬಿಟ್ ದಾಟುತ್ತದೆ. ನಿಮ್ಮ ರೇಡಿಯೊ 4800ರಲ್ಲಿದ್ದರೆ ಒಂದು ಸೆಕೆಂಡಿನ ಮಾಹಿತಿ ಒಂದು ಸೆಕೆಂಡಿನಲ್ಲಿ ಹೋಗಲು ಸಾಧ್ಯವೇ ಇಲ್ಲ. ಬಾಕಿ ಬೆಳೆಯುತ್ತದೆ, ಏಜ್ ಏರುತ್ತದೆ, ಕೊನೆಗೆ ಸಂದೇಶ ಅರ್ಧಕ್ಕೆ ಬಿದ್ದುಹೋಗುತ್ತದೆ.

ಮೊದಲು ಎಂಎಸ್‌ಎಂ7 ಇದ್ದರೆ ಎಂಎಸ್‌ಎಂ4ಕ್ಕೆ ಇಳಿಸಿ. ಹೊಲದ ಆರ್‌ಟಿಕೆ (ಬೇಸ್‌ನ ತಿದ್ದುಪಡಿ ಹಿಡಿದು ಅಲ್ಲೇ ಅಳೆಯುವ) ಕೆಲಸಕ್ಕೆ ಅದು ಧಾರಾಳ ಸಾಕು. ಕಳಿಸುವ ದರ 1 ಹರ್ಟ್ಸ್ ಇರಲಿ, 5 ಬೇಡ. ನಂತರ ಗಾಳಿಯಲ್ಲಿನ ವೇಗ 9600ಕ್ಕೆ ಏರಿಸಿ. ಟ್ರಿಮ್‌ಟಾಕ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ 25 ಕಿಲೊಹರ್ಟ್ಸ್ ಅಂತರ ಬೇಕು, ಮತ್ತು ಬದಲಾವಣೆ ಎರಡೂ ಕಡೆ ಆಗಬೇಕು. ಎಫ್‌ಇಸಿ ಆನ್ ಇದ್ದರೆ ತಪ್ಪು ತಿದ್ದುವ ಬಿಟ್‌ಗಳೂ ಜಾಗ ತಿನ್ನುತ್ತವೆ ಎಂಬುದು ನೆನಪಿರಲಿ. ವೇಗ ಏರಿಸಲು ಆಗದ ಹಳೇ ರೇಡಿಯೊ ಆದರೆ ಗ್ಲೋನಾಸ್ ಬಿಟ್ಟುಬಿಡಿ. ನಮ್ಮ ಆಕಾಶದಲ್ಲಿ ಬೈದು, ಗೆಲಿಲಿಯೊ ಸಾಕಷ್ಟು ಸಿಗುವುದರಿಂದ ನಷ್ಟ ಕಾಣುವುದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ರೋಗವೂ ಇದೆ: ಆರ್‌ಎಕ್ಸ್ ಚೆನ್ನಾಗಿ ಮಿನುಗುತ್ತದೆ, ಆದರೂ ‘ಸಿಂಗಲ್’ ಬಿಟ್ಟು ಕದಲುವುದಿಲ್ಲ. ಆಗ 1005 ಅಥವಾ 1006 ಸಂದೇಶ ಬರುತ್ತಿದೆಯೇ ನೋಡಿ. ಬೇಸ್ ಎಲ್ಲಿ ನಿಂತಿದೆ ಎಂಬುದು ಅದರಲ್ಲೇ ಇರುವುದು. ಅದಿಲ್ಲದೆ ಉಳಿದದ್ದೆಲ್ಲ ಬಂದರೂ ರೋವರ್ ಕೈಕಟ್ಟಿ ಕೂರುತ್ತದೆ.

ಪ್ರಶ್ನೆ: ಅಡಿಕೆ ತೋಟದ ಕಣಿವೆಯಲ್ಲಿ ಒಳಗಿನ 2 ವ್ಯಾಟ್ ರೇಡಿಯೊ 800 ಮೀಟರ್ ದಾಟುವುದಿಲ್ಲ. 35 ವ್ಯಾಟ್‌ನ ಹೊರಗಿನ ರೇಡಿಯೊ ತೆಗೆದುಕೊಳ್ಳಲೇ? – ಶಿರಸಿ

ದುಡ್ಡು ಬಿಚ್ಚುವ ಮೊದಲು ಬಿದಿರು ಗಳ ಎತ್ತಿ ನೋಡಿ. ಉತ್ಪ್ರೇಕ್ಷೆಯಲ್ಲ. ನೆಲಕ್ಕೆ ಹತ್ತಿರ ಹೋಗುವ ಅಲೆಯ ಶಕ್ತಿ ದೂರದ ನಾಲ್ಕನೇ ಘಾತದಷ್ಟು ವೇಗದಲ್ಲಿ ಕುಗ್ಗುತ್ತದೆ. ಹಾಗಾಗಿ ಪವರನ್ನು 2ರಿಂದ 35 ವ್ಯಾಟ್‌ಗೆ, ಅಂದರೆ ಹದಿನೇಳೂವರೆ ಪಟ್ಟು ಏರಿಸಿದರೂ ದೂರ ಸಿಗುವುದು ಸುಮಾರು ಎರಡು ಪಟ್ಟು. ಬೇಸ್‌ನ ಯುಎಚ್‌ಎಫ್ ಆಂಟೆನಾವನ್ನು 2 ಮೀಟರ್‌ನಿಂದ 8 ಮೀಟರ್‌ಗೆ ಎತ್ತಿದರೂ ಅದೇ ಎರಡು ಪಟ್ಟು. ಗುಡ್ಡವೇ ಅಡ್ಡ ಇದ್ದರೆ ಎರಡೂ ಉಪಯೋಗಕ್ಕಿಲ್ಲ. ಬೇಸನ್ನು ತೋಟದೊಳಗೆ ಇಡದೆ ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಇಡಬೇಕು, ಇಲ್ಲವೇ ಗುಡ್ಡದ ಏಣಿನ ಮೇಲೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ರೇಡಿಯೊ) ಹಾಕಬೇಕು. ಮಳೆಯಲ್ಲಿ ಒದ್ದೆ ಸೋಗೆ ಸಿಗ್ನಲ್ ಇನ್ನಷ್ಟು ಹೀರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಎತ್ತರಕ್ಕೆ ಹೋಗುವಾಗ ಕೇಬಲ್ ಕಡೆ ಗಮನ ಬೇಕು. ತೆಳುವಾದ ಆರ್‌ಜಿ-58 ಕೇಬಲ್ 10 ಮೀಟರ್ ಎಳೆದರೆ ಈ ಫ್ರೀಕ್ವೆನ್ಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್‌ನಲ್ಲೇ ಕರಗುತ್ತದೆ. ದಪ್ಪ, ಕಡಿಮೆ ನಷ್ಟದ ಕೇಬಲ್ ಹಾಕಿ, ಬೇಕಾದಷ್ಟೇ ಉದ್ದ.

ಇಷ್ಟಾದ ಮೇಲೂ 35 ವ್ಯಾಟ್ ಬೇಕೆಂದರೆ ಬ್ಯಾಟರಿಯ ವ್ಯವಸ್ಥೆಯೂ ಆಗಬೇಕು. ಕಳಿಸುವಾಗ ಅದು ಸುಮಾರು 7–8 ಆಂಪಿಯರ್ ಎಳೆಯುತ್ತದೆ. ಯುಪಿಎಸ್‌ನಲ್ಲಿ ಬರುವ 7 ಎಎಚ್ ಬ್ಯಾಟರಿ ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಮಲಗುತ್ತದೆ. ಕಾರಿನ 35–45 ಎಎಚ್ ಬ್ಯಾಟರಿ ಬೇಕು. ಸುಮ್ಮನಿರುವಾಗ 12.6 ವೋಲ್ಟ್ ತೋರಿಸಿ, ಟಿಎಕ್ಸ್ ಮಿನುಗುವ ಕ್ಷಣದಲ್ಲಿ 11ಕ್ಕಿಂತ ಕೆಳಗೆ ಬಿದ್ದರೆ ತುಕ್ಕು ಹಿಡಿದ ಕ್ಲಿಪ್ಪು, ತೆಳು ವೈರು ಅಥವಾ ಮುದಿ ಬ್ಯಾಟರಿ – ಮೂರರಲ್ಲೊಂದು. ಮೀಟರನ್ನು ಬ್ಯಾಟರಿಯ ಬಳಿ ಹಿಡಿಯಬೇಡಿ, ರೇಡಿಯೊಗೆ ಸೇರುವ ತುದಿಯಲ್ಲಿ ಹಿಡಿಯಿರಿ. ಆಂಟೆನಾ ಹಾಕದೆ ಎಂದೂ ಆನ್ ಮಾಡಬೇಡಿ: ಹೊರಗೆ ಹೋಗದ ಶಕ್ತಿ ವಾಪಸ್ ಬಂದು ಆಂಪ್ಲಿಫೈಯರನ್ನೇ ಸುಡುತ್ತದೆ. ಮೊದಲು ಆಂಟೆನಾ, ಆಮೇಲೆ ಬ್ಯಾಟರಿ; ಕಳಚುವಾಗ ಇದರ ತಿರುಗುಮುರುಗು.

ಇಂಥ ಯುಎಚ್‌ಎಫ್ ರೇಡಿಯೊ ಬಳಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಪರವಾನಗಿ ಬೇಕು. ಖಾಲಿ ಕಂಡ ಫ್ರೀಕ್ವೆನ್ಸಿಗೆ ಕೈಹಾಕಿದರೆ ಅದು ಯಾರದ್ದೋ ವಾಕಿಟಾಕಿ ಜಾಲ ಆಗಿರಬಹುದು.

ಪ್ರಶ್ನೆ: ಹೊಸ ಆಂಡ್ರಾಯ್ಡ್ ಫೋನಿನಲ್ಲಿ ರಿಸೀವರ್ ‘ಪೇರ್ಡ್’ ಎಂದು ತೋರಿಸುತ್ತದೆ, ಸರ್ವೆ ಆ್ಯಪ್‌ನಲ್ಲಿ ಮಾತ್ರ ಕನೆಕ್ಟ್ ಆಗುವುದಿಲ್ಲ. ಹಳೇ ಕಂಟ್ರೋಲರ್‌ನಲ್ಲಿ ಸರಿಯಿತ್ತು. – ತುಮಕೂರು

‘ಪೇರ್ಡ್’ ಎಂದರೆ ಪರಿಚಯವಾಗಿದೆ ಎಂದಷ್ಟೇ, ಮಾತುಕತೆ ಶುರುವಾಗಿಲ್ಲ. ಮಾತಾಡಬೇಕಾದದ್ದು ಆ್ಯಪ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಟೆಡ್’ ಬರಲಿಲ್ಲ ಎಂದು ಅಲ್ಲೇ ಒತ್ತುತ್ತ ಕೂರಬೇಡಿ. ಈ ರಿಸೀವರ್‌ಗಳಿಗೆ ಅದು ಸಾಮಾನ್ಯವಾಗಿ ಬರುವುದಿಲ್ಲ.

ಮೊದಲ ಅನುಮಾನ ಆ ಹಳೇ ಕಂಟ್ರೋಲರ್ ಮೇಲೆಯೇ. ಅದು ಜೀಪಿನಲ್ಲೋ ಚೀಲದಲ್ಲೋ ಆನ್ ಆಗಿ ಬಿದ್ದಿದ್ದರೆ ರಿಸೀವರನ್ನು ತಾನೇ ಹಿಡಿದುಕೊಂಡಿರುತ್ತದೆ. ಬಹಳಷ್ಟು ರಿಸೀವರ್‌ಗಳ ಬ್ಲೂಟೂತ್ ಸೀರಿಯಲ್ ಕೊಂಡಿ ಒಬ್ಬರಿಗೆ ಮಾತ್ರ. ಫೋನಿನೊಳಗೇ ಬೇರೊಂದು ಸರ್ವೆ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿದ್ದರೂ ಇದೇ ಕಥೆ. ಅದನ್ನು ಫೋರ್ಸ್ ಸ್ಟಾಪ್ ಮಾಡಿ.

ಎರಡನೆಯದು ಅನುಮತಿ. ಆಂಡ್ರಾಯ್ಡ್ 12ರಿಂದ ‘ನಿಯರ್‌ಬೈ ಡಿವೈಸಸ್’ ಎಂಬ ಬೇರೆ ಅನುಮತಿ ಬಂದಿದೆ. ಮೊದಲ ಸಲ ಕೇಳಿದಾಗ ಅವಸರದಲ್ಲಿ ‘ಡೋಂಟ್ ಅಲೋ’ ಒತ್ತಿದ್ದರೆ ಆ್ಯಪ್ ಮತ್ತೆ ಕೇಳದೆಯೂ ಇರಬಹುದು. ಆ್ಯಪ್ ಇನ್ಫೊ, ಪರ್ಮಿಷನ್ಸ್‌ಗೆ ಹೋಗಿ ಅದನ್ನೂ ಲೊಕೇಶನ್ನನ್ನೂ ಕೊಡಿ. ಅಲ್ಲೇ ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಇಲ್ಲವಾದರೆ ಪರದೆ ಆರಿದ ಕೆಲವೇ ನಿಮಿಷಕ್ಕೆ ಕೊಂಡಿ ಕಡಿಯುತ್ತದೆ.

ಆಮೇಲೂ ಆಗದಿದ್ದರೆ ಫೋನಿನಲ್ಲಿ ‘ಫರ್ಗೆಟ್’ ಮಾಡಿ, ರಿಸೀವರನ್ನು ಆಫ್ ಮಾಡಿ ಆನ್ ಮಾಡಿ, ಹೊಸದಾಗಿ ಪೇರ್ ಮಾಡಿ. ಪಿನ್ ಕೇಳಿದರೆ 1234 ಅಥವಾ 0000 ಹಾಕಿ ನೋಡಿ. ಪಟ್ಟಿಯಲ್ಲಿ ಕಾಣುವ ಹೆಸರು ಸಾಮಾನ್ಯವಾಗಿ ರಿಸೀವರ್‌ನ ಸೀರಿಯಲ್ ನಂಬರ್. ಕೆಳಗಿನ ಲೇಬಲ್‌ನೊಂದಿಗೆ ತಾಳೆ ಹಾಕಿ. ಒಂದೇ ಕಚೇರಿಯಲ್ಲಿ ಮೂರು ರಿಸೀವರ್ ಇದ್ದಲ್ಲಿ, ಬೇಸ್‌ಗೆ ಕನೆಕ್ಟ್ ಆಗಿ ರೋವರ್ ಎಂದುಕೊಂಡು ಸೆಟ್ಟಿಂಗ್ ಬದಲಿಸುವುದು ಅಪರೂಪವಲ್ಲ.

ಐಫೋನ್ ಬಳಸುವವರಿಗೆ ಒಂದು ಮಾತು: ಹಳೇ ಬಗೆಯ ಬ್ಲೂಟೂತ್ ಸೀರಿಯಲ್ ಕೊಂಡಿ ಅದರಲ್ಲಿ ಆ್ಯಪಲ್‌ನ ಎಂಎಫ್‌ಐ ಮಾನ್ಯತೆ ಪಡೆದ ಉಪಕರಣಕ್ಕೆ ಮಾತ್ರ ತೆರೆಯುತ್ತದೆ. ಉಳಿದವು ಬಿಎಲ್‌ಇ (ಕಡಿಮೆ ಶಕ್ತಿಯ ಹೊಸ ಬಗೆಯ ಬ್ಲೂಟೂತ್) ಇದ್ದರಷ್ಟೇ.

ಪ್ರಶ್ನೆ: ಪೋಲ್ ನೆಟ್ಟು ನಾಲ್ಕು ಹೆಜ್ಜೆ ಹೋದರೆ ಬ್ಲೂಟೂತ್ ಕಡಿಯುತ್ತದೆ. – ಗದಗ

ಪೋಲ್‌ಗೆ ಬೆನ್ನು ಮಾಡಿ, ಫೋನನ್ನು ಎದೆಗೆ ಹಿಡಿದಿರುತ್ತೀರಿ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ತುಂಬಿದ ನಮ್ಮ ದೇಹವೇ ತಡೆಯುತ್ತದೆ. ಕ್ಲಾಸ್ 2 ಬ್ಲೂಟೂತ್‌ಗೆ ಬಯಲಿನಲ್ಲೂ 10 ಮೀಟರ್ ಎಂಬುದು ಲೆಕ್ಕದ ದೂರ. ತಿರುಗಿ ನಿಂತು ನೋಡಿ. ಫೋನಿನ ಹಾಟ್‌ಸ್ಪಾಟ್ ಆನ್ ಇದ್ದರೆ ಆರಿಸಿ, ಅದೂ ಇದೇ ಬ್ಯಾಂಡ್‌ನಲ್ಲಿ ಗಲಾಟೆ ಮಾಡುತ್ತಿರಬಹುದು.

ಪ್ರಶ್ನೆ: ಕೋಲಾರದಲ್ಲಿ ಗೊತ್ತಿರುವ ಪಾಯಿಂಟ್ ಮೇಲೆ ಬೇಸ್ ಇಟ್ಟು ಕೋಆರ್ಡಿನೇಟ್ ಕೊಟ್ಟರೆ ರೇಡಿಯೊ ಕಳಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಇದೇ ಸೆಟ್ ಸರಿಯಾಗಿ ನಡೆಯುತ್ತದೆ.

ರೇಡಿಯೊ ಚೆನ್ನಾಗಿದೆ, ಝೋನ್ ತಪ್ಪಿದೆ. ಭೂಮಿಯನ್ನು ಪಟ್ಟಿಗಳಾಗಿ ಹಂಚುವ ಯುಟಿಎಂ ನಕ್ಷೆ ಪದ್ಧತಿಯಲ್ಲಿ ಝೋನ್ 43 ಮತ್ತು 44ರ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ಬೆಂಗಳೂರು ಅದರ ಪಶ್ಚಿಮಕ್ಕೆ, ಕೋಲಾರ ಪೂರ್ವಕ್ಕೆ. ಕೋಲಾರದ ಪಾಯಿಂಟ್‌ನ ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ, ಮೀಟರ್‌ನಲ್ಲಿ) ಸುಮಾರು 8.4 ಲಕ್ಷ ಇದ್ದರೆ ಅದು ಝೋನ್ 43ರಲ್ಲಿ ಲೆಕ್ಕ ಹಾಕಿದ್ದು, 1.9 ಲಕ್ಷ ಇದ್ದರೆ 44ರಲ್ಲಿ. 43ರ ಅಂಕಿಯನ್ನು 44 ಎಂದು ಕೊಟ್ಟರೆ ನಿಮ್ಮ ಬೇಸ್ ಬಂಗಾಳಕೊಲ್ಲಿಯ ನಡುವೆ ಹೋಗಿ ನಿಲ್ಲುತ್ತದೆ. ತಾನು ನಿಜಕ್ಕೂ ಇರುವ ಜಾಗಕ್ಕೂ ನೀವು ಕೊಟ್ಟ ಜಾಗಕ್ಕೂ ಅಷ್ಟು ದೂರ ಕಂಡರೆ ಹಲವು ರಿಸೀವರ್‌ಗಳು ಬೇಸ್ ಆಗಲು ಒಪ್ಪುವುದಿಲ್ಲ.

ಪ್ರಶ್ನೆ: ರಿಸೀವರ್‌ಗೆ ಜಿಯೊ ಸಿಮ್ ಹಾಕಿದರೆ ನೆಟ್‌ವರ್ಕ್ ಹಿಡಿಯುವುದಿಲ್ಲ. ಫೋನ್ ಮೂಲಕ ಕಾರ್ಸ್‌ಗೆ (ಇಂಟರ್‌ನೆಟ್‌ನಲ್ಲಿ ತಿದ್ದುಪಡಿ ಕೊಡುವ ಸ್ಥಿರ ಕೇಂದ್ರಗಳ ಜಾಲಕ್ಕೆ) ಕನೆಕ್ಟ್ ಆದರೂ ಡೇಟಾ ಬರುವುದಿಲ್ಲ. – ಹಾಸನ

ಹಳೇ ರಿಸೀವರ್‌ನ ಮೋಡೆಮ್ 3ಜಿಯದ್ದಾಗಿರಬೇಕು. ಜಿಯೊಗೆ 2ಜಿ, 3ಜಿ ಜಾಲವೇ ಇಲ್ಲ. ಸಿಮ್ ತೆಗೆದಿಟ್ಟು ಫೋನಿನ ಇಂಟರ್‌ನೆಟ್ಟನ್ನೇ ಬ್ಲೂಟೂತ್ ಮೂಲಕ ಕೊಡುವುದು ಲೇಸು. ಕನೆಕ್ಟ್ ಆಗಿಯೂ ಡೇಟಾ ಬಾರದಿದ್ದರೆ ‘ಸೆಂಡ್ ಜಿಜಿಎ’ (ನಿಮ್ಮ ಸ್ಥಾನವನ್ನು ಸರ್ವರ್‌ಗೆ ಕಳಿಸುವ ಆಯ್ಕೆ) ಆನ್ ಮಾಡಿ. ವಿಆರ್‌ಎಸ್ ಮೌಂಟ್‌ಪಾಯಿಂಟ್ (ನಿಮ್ಮ ಬಳಿಯೇ ಇದೆ ಎಂಬಂತೆ ಲೆಕ್ಕ ಹಾಕಿದ ಕಾಲ್ಪನಿಕ ಬೇಸ್) ಆರಿಸಿದ್ದರೆ, ನೀವು ಎಲ್ಲಿದ್ದೀರಿ ಎಂದು ತಿಳಿಯದೆ ಸರ್ವರ್ ಏನನ್ನೂ ಕಳಿಸುವುದಿಲ್ಲ.

ಪ್ರಶ್ನೆ: ರೋವರ್ ‘ಫಿಕ್ಸ್’ ತೋರಿಸುತ್ತದೆ, ಆದರೆ ಬೆಳಿಗ್ಗೆ ಅಳೆದ ಬಾಂದು ಕಲ್ಲು ಮಧ್ಯಾಹ್ನ ಎರಡು ಮೀಟರ್ ಸರಿದಿದೆ. ಪಕ್ಕದ ಸರ್ವೆ ನಂಬರಿನಲ್ಲಿ ಇನ್ನೊಂದು ತಂಡವೂ ಅಳೆಯುತ್ತಿತ್ತು. – ಬಾಗಲಕೋಟೆ

ಅವರ ಬೇಸ್ ಕೇಳಿಸಿಕೊಂಡಿದ್ದೀರಿ. ಎರಡೂ ತಂಡ ಕಂಪನಿ ಕೊಟ್ಟ ಡಿಫಾಲ್ಟ್ ಚಾನೆಲ್‌ನಲ್ಲೇ ಇದ್ದಿರಬೇಕು. ಅವರ ಬೇಸ್‌ಗೆ ಕೊಟ್ಟ ಕೋಆರ್ಡಿನೇಟ್ ಅಂದಾಜಿನದ್ದಾದರೆ ಅದರ ತಪ್ಪು ಹಾಗೇ ನಿಮ್ಮ ಪಾಯಿಂಟ್‌ಗೆ ಇಳಿಯುತ್ತದೆ, ಫಿಕ್ಸ್ ಮಾತ್ರ ಅಚ್ಚುಕಟ್ಟಾಗಿ ಬರುತ್ತದೆ. ಬೇಸ್‌ಗೆ 0ಯಿಂದ 4095ರವರೆಗಿನ ಒಂದು ಸ್ಟೇಷನ್ ಐಡಿ ಕೊಡಬಹುದು. ಡಿಫಾಲ್ಟ್ ಬಿಟ್ಟು ನಿಮ್ಮದೇ ಸಂಖ್ಯೆ ಕೊಡಿ, ರೋವರ್‌ನಲ್ಲಿ ‘ಬೇಸ್ ಬದಲಾದರೆ ಎಚ್ಚರಿಸು’ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಬೇಸ್ ಎಬ್ಬಿಸುವ ಮೊದಲು ರೋವರನ್ನು ಆ ಚಾನೆಲ್‌ನಲ್ಲಿ ಎರಡು ನಿಮಿಷ ಸುಮ್ಮನೆ ಇಡಿ. ಆರ್‌ಎಕ್ಸ್ ಮಿನುಗಿದರೆ ಅಲ್ಲಿ ಆಗಲೇ ಯಾರೋ ಇದ್ದಾರೆ, ಬೇರೆ ಚಾನೆಲ್‌ಗೆ ಹೋಗಿ. ಮಧ್ಯಾಹ್ನದ ಪಾಯಿಂಟ್‌ಗಳನ್ನು ಅಳಿಸಬೇಡಿ: ಕಚ್ಚಾ ಫೈಲ್‌ನಲ್ಲಿ ಪ್ರತಿ ಪಾಯಿಂಟ್ ಎದುರು ಬೇಸ್ ಐಡಿ ದಾಖಲಾಗಿದ್ದರೆ ಅವರದ್ದರಿಂದ ಬಂದವನ್ನು ಬೇರ್ಪಡಿಸಬಹುದು. ಎರಡೂ ಬೇಸ್‌ಗಳಿಂದ ಅಳೆದ ಆ ಬಾಂದು ಕಲ್ಲಿನ ವ್ಯತ್ಯಾಸವನ್ನೇ ಹಿಡಿದು ಉಳಿದ ಪಾಯಿಂಟ್‌ಗಳನ್ನು ಸರಿಸಿ, ಇನ್ನೊಂದು ಕಲ್ಲಿನ ಮೇಲೆ ಮತ್ತೆ ಅಳೆದು ತಾಳೆ ನೋಡಿ.