ಸಾವಾದ ಮನೆಯಲ್ಲಿ ‘ವೀ ಥ್ರೀ ಕಿಂಗ್ಸ್’ ಹಾಡುವಾಗ ರಕ್ತಬೋಳದ ಚರಣ ಬಿಡಬಹುದಾ?

ಬಿಡಬೇಡಿ. ಮೂವರು ಅರಸರು ಕೂಸಾದ ಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಅನ್ನೋ ಸುಗಂಧದ ಅಂಟು ತರುವ ಕ್ರಿಸ್ಮಸ್ ಹಾಡು ಇದು; ನಡುವಿನ ಮೂರು ಚರಣ ಒಬ್ಬೊಬ್ಬ ಅರಸನದು. ಸಾವು, ಸಮಾಧಿ ಅಂತೆಲ್ಲ ಬರುವ ಆ ನಾಲ್ಕನೇ ಚರಣ ಹಬ್ಬಕ್ಕೆ ಹೊಂದುವುದಿಲ್ಲ, ಆ ಮನೆಯವರಿಗೆ ನೋವಾಗುತ್ತದೆ ಅಂತ ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ಹುಬ್ಬಳ್ಳಿಯಲ್ಲಿ ಕ್ರಿಸ್ಮಸ್ಸಿಗೆ ಮನೆಮನೆಗೆ ಹೋಗಿ ಹಾಡುವ ನಮ್ಮ ಕ್ಯಾರಲ್ ತಂಡದ ಜವಾಬ್ದಾರಿ ನನ್ನದಿತ್ತು. ನಮಗೆಲ್ಲ ಹಾಡು ಕಲಿಸಿದ ಒಬ್ಬ ಕಾಕಾ ಇದ್ದರು. ಚರ್ಚಿನ ಹಾಡುಗಾರರ ತಂಡ ಕ್ವಾಯರಿನಲ್ಲಿ ಬೇಸ್ ಅನ್ನೋ ತಗ್ಗಿನ ದನಿ ಅವರದೇ. ರಕ್ತಬೋಳದ ಚರಣ ಪ್ರತಿ ವರ್ಷ ಅವರೊಬ್ಬರೇ ಹಾಡುತ್ತಿದ್ದರು. ಆ ವರ್ಷ ಅಕ್ಟೋಬರಿನಲ್ಲಿ ಅವರ ಹೆಂಡತಿ, ನಮ್ಮ ಕಾಕು ತೀರಿಕೊಂಡರು, ಕಾಕಾ ತಂಡದ ಜೊತೆ ಬರಲಿಲ್ಲ. ಅವರ ಗೇಟಿನ ಮುಂದೆ ನಿಂತು, ಮೊಬೈಲ್ ಬೆಳಕಿನಲ್ಲಿ, ಝೆರಾಕ್ಸ್ ಹಾಳೆಯ ಆ ನಾಲ್ಕು ಸಾಲಿನ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದೆ. ‘ಚಿನ್ನ, ಧೂಪ, ಆಮೇಲೆ ಸೀದಾ ಕೊನೇದು’ ಅಂತ ಹುಡುಗರಿಗೆ ಮೆಲ್ಲಗೆ ಹೇಳಿದೆ.

ಹಾಡು ಮುಗಿಯಿತು. ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

‘ತಮ್ಮಾ, ಮೂರನೇದಾಂವ ಎಲ್ಲಿ ಹೋದ?’

ನಾನು ತಡವರಿಸಿದೆ.

‘ಅಕಿ ಹೋದ ವರ್ಷನ ಅವನ್ನ ಹೊರಗ ನಿಲ್ಲಿಸಿದ್ರೇನು?’ ಅಂದು ಒಳಗೆ ಹೋಗಿಬಿಟ್ಟರು. ನಮಗೆ ಅಂತ ಇಟ್ಟಿದ್ದ ಕರ್ಚಿಕಾಯಿ ತಟ್ಟೆ ಜಗುಲಿ ಮೇಲೆ ಹಾಗೇ ಉಳಿಯಿತು. ಆಮೇಲೆ ಎರಡು ವರ್ಷ ಅವರು ಕ್ವಾಯರಿಗೆ ಬರಲಿಲ್ಲ.

ನಾನು ತಪ್ಪಿದ್ದೆಲ್ಲಿ ಅಂದರೆ, ಅದೊಂದು ದುಃಖದ ಚರಣ, ತೆಗೆದರೂ ಹಾಡಿನ ಅರ್ಥ ಕೆಡೋದಿಲ್ಲ ಅಂದುಕೊಂಡೆ. ಕೆಡುತ್ತದೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಬರುವವರು ಮೂಡಣ ದೇಶದ ಜೋಯಿಸರು. ಅವರು ಅರಸರು ಅಂತಲೂ ಇಲ್ಲ, ಮೂವರು ಅಂತಲೂ ಇಲ್ಲ. ಮೂರು ಇರೋದು ಕಾಣಿಕೆ ಮಾತ್ರ. 1857ರಲ್ಲಿ ಅಮೆರಿಕದ ಜಾನ್ ಹೆನ್ರಿ ಹಾಪ್ಕಿನ್ಸ್ ಜೂನಿಯರ್ ಈ ಹಾಡು ಕಟ್ಟಿದಾಗ ಒಂದೊಂದು ಕಾಣಿಕೆಗೆ ಒಂದೊಂದು ಚರಣ, ಒಂದೊಂದು ದನಿ ಕೊಟ್ಟರು. ಚಿನ್ನ, ಯಾಕೆಂದರೆ ಈ ಕೂಸು ಅರಸ. ಧೂಪ, ಯಾಕೆಂದರೆ ಈ ಕೂಸು ದೇವರು. ರಕ್ತಬೋಳ, ಯಾಕೆಂದರೆ ಈ ಕೂಸು ನಮ್ಮ ಹಾಗೇ ಸಾಯಬೇಕು. ಶಿಲುಬೆಗೆ ಹಾಕುವಾಗ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಡಹೋದರು, ಯೇಸು ತೆಗೆದುಕೊಳ್ಳಲಿಲ್ಲ ಅಂತ ಮಾರ್ಕನ ಸುವಾರ್ತೆಯಲ್ಲಿದೆ. ಸಮಾಧಿ ಮಾಡುವಾಗ ನಿಕೊದೇಮ ಅನ್ನೋ ಯೆಹೂದಿ ಹಿರಿಯ ಹೊತ್ತು ತಂದದ್ದೂ ಅದೇ ರಕ್ತಬೋಳ, ಅಗರಿನ ಜೊತೆ. ತೊಟ್ಟಿಲ ಕಾಣಿಕೆಯಲ್ಲೇ ಸಮಾಧಿಯ ವಾಸನೆ ಇತ್ತು.

ಅದನ್ನು ಬಿಟ್ಟು ಕೊನೆಯ ಚರಣಕ್ಕೆ ಹಾರಿದರೆ ಅಲ್ಲಿ ಆತ ಎದ್ದು ಬರುತ್ತಾನೆ. ಎಲ್ಲಿಂದ ಎದ್ದು ಬಂದ? ಸಮಾಧಿಗೇ ನಾನು ಗೆರೆ ಎಳೆದಿದ್ದೆನಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಎರಡು ತಿಂಗಳಾಗಿದ್ದ ಮನುಷ್ಯನಿಗೆ, ದೇವರೂ ಅಲ್ಲಿಗೆ ಇಳಿದಿದ್ದ ಅನ್ನೋ ಒಂದು ಮಾತು ಬೇಕಿತ್ತು. ಅದನ್ನೇ ಕಿತ್ತುಕೊಂಡು ಬರೀ ಖುಷಿ ಹಾಡಿ ಬಂದೆ.

ಕ್ರಿಸ್ಮಸ್ ಅಂದರೆ ಸಂತೋಷ ಮಾತ್ರ ಅನ್ನೋದನ್ನ ನಾನು ಈಗ ಒಪ್ಪೋದಿಲ್ಲ. ಸಾವಿಲ್ಲದ ಮನೆಗೆ ಹೋದರೂ ಆ ಚರಣ ಹಾಡಿಯೇ ಹಾಡುತ್ತೇವೆ.

ಮೂರನೇ ವರ್ಷ ಹಿಂದಿನ ದಿನವೇ ಒಬ್ಬನೇ ಹೋಗಿ ಕಾಕಾನ ಕ್ಷಮೆ ಕೇಳಿದೆ. ‘ನನ್ನ ಚರಣಕ್ಕ ಗಿಟಾರ ಬ್ಯಾಡ’ ಅಂದರು, ಅಷ್ಟೇ. ನೀವೂ ಒಂದು ಸಂಜೆ ಮೊದಲೇ ಆ ಮನೆಗೆ ಹೋಗಿ ಕೂತು ಬನ್ನಿ. ಆ ಚರಣ ಬಂದಾಗ ಗಿಟಾರ್ ನಿಲ್ಲಿಸಿ, ಒಬ್ಬರೇ ನಿಧಾನಕ್ಕೆ ಹಾಡಲಿ. ಕೊನೆಯದಕ್ಕೆ ಎಲ್ಲರೂ ದನಿ ಸೇರಿಸಿ.